ಮೂರು ಸಲ ದೂರು, ಮೂರು ಸಲ ಮರಳಿ ಅದೇ ಮನೆಗೆ

ಪ್ರಶ್ನೆ: ನಾನು ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ ತಾಲೂಕಿನ ಗಡಿಭಾಗದ ಒಂದು ಪಂಚಾಯತಿನಲ್ಲಿ ಆಶಾ ಕಾರ್ಯಕರ್ತೆ. ನನ್ನ ವಾರ್ಡಿನ ಒಬ್ಬ ಹೆಂಗಸಿನ ವಿಷಯದಲ್ಲಿ ಎರಡು ವರ್ಷದಿಂದ ಓಡಾಡಿ ಸೋತಿದ್ದೇನೆ. ಆಕೆಯ ತವರು ಪುತ್ತೂರಿನ ಕಡೆ. ಮನೆಮಾತು ತುಳು, ಓದಿದ್ದು ಕನ್ನಡ ಶಾಲೆಯಲ್ಲಿ ಎಂಟನೆಯ ತರಗತಿಯವರೆಗೆ. ಮನೆಯಲ್ಲೇ ಬೀಡಿ ಕಟ್ಟುತ್ತಾಳೆ. ಇಬ್ಬರು ಮಕ್ಕಳು. ಗಂಡ ಕುಡಿದು ಬಂದು ಹೊಡೆಯುತ್ತಾನೆ. ಮೊದಲ ಸಲ ಹೆಂಗಸರ ದೂರು ಕೇಳುವ ಪಂಚಾಯತಿನ ಜಾಗ್ರತಾ ಸಮಿತಿಗೆ ಕರೆದುಕೊಂಡು ಹೋದೆ. ಪಂಚಾತಿಕೆ ಮಾಡಿ ಕಳುಹಿಸಿದರು. ಎರಡನೆಯ ಸಲ ಠಾಣೆಗೆ ಹೋದೆವು. ಮರುದಿನವೇ ದೂರು ಬೇಡ ಎಂದಳು. ಮೂರನೆಯ ಸಲ ಆಸ್ಪತ್ರೆಗೆ ಸೇರಿದಾಗ ನಾನೂ ಅತ್ತೆಯೂ ಪಕ್ಕದಲ್ಲೇ ಇದ್ದೆವು. ಡಾಕ್ಟರರ ಹತ್ತಿರ ‘ಬಾವಿಕಟ್ಟೆಯಲ್ಲಿ ಜಾರಿ ಬಿದ್ದೆ’ ಎಂದಳು. ಠಾಣೆಯಲ್ಲಿ ಹೇಳಿದ ತಿಂಗಳು ಒಂದು, ಆಮೇಲೆ ಕೌನ್ಸೆಲಿಂಗಿನಲ್ಲಿ ಹೇಳಿದ್ದು ಇನ್ನೊಂದು. ಹೇಳುವಾಗ ನಡುನಡುವೆ ನಗುತ್ತಾಳೆ. ಒಮ್ಮೆ ಕುತ್ತಿಗೆಯನ್ನೂ ಹಿಡಿದಿದ್ದನಂತೆ. ಈಗ ಊರಿನವರು ನನ್ನನ್ನೇ ಬೈಯುತ್ತಾರೆ, ‘ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ, ನಿನಗೇಕೆ ಈ ಉಸಾಬರಿ’ ಎಂದು. ಆಕೆ ಸುಳ್ಳು ಹೇಳುತ್ತಿದ್ದಾಳೆಯೇ? ಪೆಟ್ಟಿಗೆ ಒಗ್ಗಿಹೋಗಿದ್ದಾಳೆಯೇ? ಕುಡಿತ ಬಿಡಿಸಿದರೆ ಸರಿಹೋಗುತ್ತದೆಯೇ? ‘ಆಘಾತವನ್ನು ಅರಿತು ನಡೆಯುವ ವ್ಯವಸ್ಥೆ ಬೇಕು’ ಎಂದು ಒಂದು ತರಬೇತಿಯಲ್ಲಿ ಹೇಳಿದರು. ನಮ್ಮಂಥ ಊರಿನಲ್ಲಿ ಹಾಗೆಂದರೆ ಏನು? ನಾನು ಇನ್ನು ಕೈಬಿಡಲೇ?

ಉತ್ತರ: ನಿಮ್ಮ ಪ್ರಶ್ನೆಗಳಿಗೆ ಆಮೇಲೆ ಬರುತ್ತೇನೆ. ನೀವು ಪ್ರಶ್ನೆಯಾಗಿ ಕೇಳದೆ, ಆಕೆಯ ನಗುವಿಗೂ ಊರಿನವರ ಬೈಗುಳಕ್ಕೂ ನಡುವೆ ಬರೆದುಬಿಟ್ಟ ಒಂದು ಸಾಲಿನ ಬಳಿ ನಾನು ನಿಂತುಬಿಟ್ಟೆ: ‘ಒಮ್ಮೆ ಕುತ್ತಿಗೆಯನ್ನೂ ಹಿಡಿದಿದ್ದನಂತೆ.’

ನಮ್ಮ ಮಾತಿನಲ್ಲಿ ಕುತ್ತಿಗೆ ಹಿಡಿಯುವುದಕ್ಕೆ ಎರಡು ಅರ್ಥಗಳಿವೆ. ಕುತ್ತಿಗೆ ಹಿಡಿದು ಹೊರಗೆ ಹಾಕಿದರು ಎಂದರೆ ಮನೆಯಿಂದ ಆಚೆ ದಬ್ಬಿದರು ಎಂದು. ಅಲ್ಲಿ ಕೈ ಹಿಂದಿನಿಂದ ಬೀಳುತ್ತದೆ. ಮಾನ ಹೋಗುತ್ತದೆ, ಉಸಿರು ಹೋಗುವುದಿಲ್ಲ. ಇನ್ನೊಂದು, ಎದುರಿನಿಂದ ಹಿಡಿದು ಹಿಸುಕುವುದು. ಹೇಳುವವಳು ಎರಡಕ್ಕೂ ಒಂದೇ ಮಾತು ಬಳಸುತ್ತಾಳೆ, ಕೇಳುವವರು ಸುಲಭದ ಅರ್ಥವನ್ನು ತೆಗೆದುಕೊಳ್ಳುತ್ತಾರೆ. ಮನೋರೋಗ ವಿಭಾಗದ ಸಮಾಜ ಕಾರ್ಯಕರ್ತೆಯಾಗಿ ಕೇರಳ–ಕರ್ನಾಟಕ ಗಡಿಯ ತಲಪಾಡಿಯ ಆಚೆಯೂ ಈಚೆಯೂ ಇಪ್ಪತ್ತೆರಡು ವರ್ಷ ಕೆಲಸ ಮಾಡಿದ್ದೇನೆ. ಈ ಒಂದು ಮಾತಿನಲ್ಲಿ ನಾನೂ ಮೋಸ ಹೋಗಿದ್ದೇನೆ. ಒಬ್ಬಾಕೆಯ ಹೇಳಿಕೆಯ ಕಾಗದದಲ್ಲಿ ಮಲಯಾಳದಲ್ಲಿ ‘ಕುತ್ತಿಗೆ ಹಿಡಿದು ತಳ್ಳಿದ’ ಎಂದಿತ್ತು. ಅದನ್ನೇ ನಂಬಿ ನಾನೂ ನನ್ನ ಪುಸ್ತಕದಲ್ಲಿ ಹಾಗೆಯೇ ಬರೆದುಕೊಂಡೆ. ನಾಲ್ಕನೆಯ ಭೇಟಿಯಲ್ಲಿ ಬೇರೇನೋ ಮಾತನಾಡುತ್ತಿದ್ದಾಗ, ಹೇಗೆ ಹಿಡಿದಿದ್ದರು ಎಂದು ತುಳುವಿನಲ್ಲಿ ಕೇಳಿದೆ. ಆಕೆ ಮಾತನಾಡಲಿಲ್ಲ. ತನ್ನ ಎರಡೂ ಹೆಬ್ಬೆರಳುಗಳನ್ನು ತನ್ನದೇ ಗಂಟಲಿನ ಮೇಲೆ ಇಟ್ಟುಕೊಂಡಳು. ಆಮೇಲೆ ಮೆಲ್ಲಗೆ, ಕಣ್ಣು ಕತ್ತಲೆ ಬಂದಿತ್ತು, ಎಚ್ಚರವಾದಾಗ ಬಟ್ಟೆ ಒದ್ದೆಯಾಗಿತ್ತು ಎಂದಳು. ಹೇಳಿಕೆ ಬರೆದವರು ಕೆಟ್ಟವರೇನಲ್ಲ. ತುಳುವಿನಿಂದ ಕನ್ನಡಕ್ಕೆ, ಕನ್ನಡದಿಂದ ಮಲಯಾಳಕ್ಕೆ ದಾಟುವಷ್ಟರಲ್ಲಿ ಎರಡು ಕೈ ಒಂದಾಗಿತ್ತು, ಹಿಸುಕಿದ್ದು ತಳ್ಳಿದ್ದಾಗಿತ್ತು.

ಇದು ಏಕೆ ಇಷ್ಟು ಮುಖ್ಯ? ಮನೆಯೊಳಗಿನ ಹಿಂಸೆಯಲ್ಲಿ ಮುಂದೆ ಕೊಲೆಯಾಗುವ ಸಾಧ್ಯತೆಯನ್ನು ಸೂಚಿಸುವ ಲಕ್ಷಣಗಳಲ್ಲಿ ಕುತ್ತಿಗೆ ಹಿಸುಕುವುದು ಬಹಳ ಮೇಲಿನದು. ಅಮೆರಿಕದಲ್ಲಿ ನಡೆದು 2008ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ಹಿಂದೆ ಒಮ್ಮೆ ಸಂಗಾತಿಯಿಂದ ಹೀಗೆ ಹಿಸುಕಿಸಿಕೊಂಡು ಬದುಕಿದ ಹೆಂಗಸು ಅವನಿಂದಲೇ ಕೊಲೆಯಾಗುವ ಸಂಭವ ಏಳು ಪಟ್ಟಿಗೂ ಹೆಚ್ಚು. ಹೊರಗೆ ಗುರುತೇ ಕಾಣದಿರುವುದು ಸಾಮಾನ್ಯ. ಕಪ್ಪು ಮೈಬಣ್ಣದಲ್ಲಂತೂ ಇದ್ದ ಗುರುತೂ ಸುಲಭಕ್ಕೆ ಕಾಣುವುದಿಲ್ಲ. ಕೆನ್ನೆಯ ಮೇಲಿನ ಬರೆ ನೋಡಿ ಎಲ್ಲರೂ ಹೌಹಾರುತ್ತಾರೆ, ಗಂಟಲಿನ ಮಾತು ಕಾಗದದ ಕೊನೆಯ ಸಾಲಿಗೆ ಹೋಗುತ್ತದೆ. ಸ್ವರ ಒಡೆದಿರುವುದು, ನುಂಗುವಾಗ ನೋವು, ಕಣ್ಣಿನ ಬಿಳಿಯಲ್ಲಿ ಕೆಂಪು ಚುಕ್ಕೆ, ಪ್ರಜ್ಞೆ ತಪ್ಪಿದ್ದು, ಅರಿವಿಲ್ಲದೆ ಮೂತ್ರ ಹೋದದ್ದು, ಆಮೇಲೆ ತಲೆನೋವು ಅಥವಾ ಒಂದು ಕೈಯಲ್ಲಿ ಬಲ ಕಡಿಮೆಯಾದದ್ದು: ಇವುಗಳಲ್ಲಿ ಯಾವುದಿದ್ದರೂ ಆಸ್ಪತ್ರೆಗೆ ಹೋಗಬೇಕು. ಕುತ್ತಿಗೆಯ ರಕ್ತನಾಳದ ಒಳಪದರ ಹರಿದಿದ್ದರೆ ಕೆಲವು ದಿನ ಕಳೆದ ಮೇಲೂ ಪಾರ್ಶ್ವವಾಯು ಹೊಡೆಯಬಹುದು. ಆದ್ದರಿಂದ ಬೇರೆಲ್ಲ ಇರಲಿ, ಈ ವಾರದೊಳಗೆ ಆಕೆ ಒಬ್ಬಳೇ ಇರುವ ಹೊತ್ತು ನೋಡಿ ಒಂದು ಪ್ರಶ್ನೆ ಕೇಳಿ: ಕುತ್ತಿಗೆ ಹಿಡಿದದ್ದು ಹೇಗೆ, ಎಷ್ಟು ಸಲ, ಕೊನೆಯ ಸಲ ಯಾವಾಗ.

ಇನ್ನು ಆಕೆ ಸುಳ್ಳು ಹೇಳುತ್ತಿದ್ದಾಳೆಯೇ ಎಂಬ ಪ್ರಶ್ನೆ. ತಿಂಗಳು ಹೊಂದುವುದಿಲ್ಲ, ನಗುತ್ತಾಳೆ, ಬಿದ್ದೆ ಎನ್ನುತ್ತಾಳೆ. ಈ ಮೂರನ್ನು ಬೇರೆಬೇರೆಯಾಗಿ ನೋಡಬೇಕು.

ಪ್ರಾಣಕ್ಕೆ ಬಂದ ಭಯದಲ್ಲಿ ಮೆದುಳು ನೆನಪನ್ನು ಬೇರೆ ರೀತಿಯಲ್ಲಿ ಇಟ್ಟುಕೊಳ್ಳುತ್ತದೆ. ಅಮಿಗ್ಡಲ ಎನ್ನುವ ಸಣ್ಣ ಭಾಗ ಕಂಡದ್ದು, ಕೇಳಿದ್ದು, ಮೂಗಿಗೆ ಬಡಿದದ್ದು ಇವುಗಳ ಕೆಲವು ಚೂರುಗಳು ಆಳವಾಗಿ ಉಳಿಯುವಂತೆ ಮಾಡುತ್ತದೆ. ಅವನ್ನು ಮೊದಲು, ಆಮೇಲೆ, ಎಲ್ಲಿ, ಯಾವಾಗ ಎಂದು ಪೋಣಿಸಿಕೊಡಬೇಕಾದ ಹಿಪೊಕ್ಯಾಂಪಸ್ ಆ ಹೊತ್ತಿನಲ್ಲಿ ಸರಿಯಾಗಿ ಕೆಲಸ ಮಾಡದಿರಬಹುದು. ಅದಕ್ಕೇ ಬಾಗಿಲ ಚಿಲಕ ಬಿದ್ದ ಸದ್ದು ಆಕೆಗೆ ಇವತ್ತಿಗೂ ಕಿವಿಯಲ್ಲಿರುತ್ತದೆ, ತಾರೀಕು ಇರುವುದಿಲ್ಲ. ಇದರ ಮೇಲೆ, ಇಪ್ಪತ್ತು ಸಲ ಪೆಟ್ಟು ತಿಂದವಳಿಗೆ ಇಪ್ಪತ್ತೂ ಒಂದರೊಳಗೊಂದು ಬೆರೆತಿರುತ್ತವೆ. ಹೋದ ವರ್ಷ ಪೋಲಿಯೋ ಹನಿ ಹಾಕಲು ಯಾವ ಮನೆಗೆ ಎಷ್ಟು ಗಂಟೆಗೆ ಹೋಗಿದ್ದಿರಿ ಎಂದು ಪುಸ್ತಕ ನೋಡದೆ ಹೇಳಿ ನೋಡೋಣ. ಅದೂ ಯಾರೂ ನಿಮ್ಮನ್ನು ಹೊಡೆಯದೆ ಇದ್ದಾಗ! ಯಾವ ತಿಂಗಳು ಎಂದು ಕೇಳುವ ಬದಲು, ಆಗ ಅಡಿಕೆ ಸುಲಿಯುತ್ತಿದ್ದರೋ, ಶಾಲೆ ಶುರುವಾಗಿತ್ತೋ, ದೊಡ್ಡವನಿಗೆ ಜ್ವರವಿತ್ತೋ ಎಂದು ಕೇಳಿದರೆ ಎಷ್ಟೋ ಸಲ ದಿನವೇ ಸಿಕ್ಕಿಬಿಡುತ್ತದೆ. ಒಂದು ಎಚ್ಚರಿಕೆಯನ್ನೂ ಹೇಳಬೇಕು. ಹೇಳಿಕೆ ಹೊಂದದಿರುವುದು ಸುಳ್ಳಿನ ಸಾಕ್ಷಿಯಲ್ಲ. ಹಾಗೆಯೇ ಅದು ಸತ್ಯದ ಸಾಕ್ಷಿಯೂ ಅಲ್ಲ. ಕೆಲವು ತರಬೇತಿಗಳಲ್ಲಿ ಎರಡನೆಯದನ್ನು ಮರೆತು ಮಾತನಾಡುತ್ತಾರೆ. ಅದರಿಂದ ನ್ಯಾಯಾಲಯದಲ್ಲಿ ನಷ್ಟವಾಗುವುದು ಆ ಹೆಂಗಸಿಗೇ.

ನಗುವಿನ ವಿಷಯ. ಮನೆಯಲ್ಲಿ ಅತ್ತರೆ ಇನ್ನೂ ಎರಡು ಬೀಳುತ್ತಿದ್ದ ಹೆಣ್ಣು ಅಳುವ ಜಾಗದಲ್ಲಿ ನಗುವುದನ್ನು ಕಲಿತಿರುತ್ತಾಳೆ. ಮುಖ ನೋಡಿ ಮಾತು ಅಳೆಯುವ ನಮ್ಮ ಅಭ್ಯಾಸವನ್ನು ಇಂಥಲ್ಲಿ ಪಕ್ಕಕ್ಕೆ ಇಡಬೇಕು.

‘ಬಿದ್ದೆ’ ಎಂದದ್ದಕ್ಕೆ ಮೆದುಳಿನ ವಿವರಣೆಯೇ ಬೇಡ. ಪಕ್ಕದಲ್ಲಿ ಅತ್ತೆ ಇದ್ದರು ಎಂದು ನೀವೇ ಬರೆದಿದ್ದೀರಿ. ಕಾಯಿಲೆಯವಳ ಜೊತೆ ಬಂದವರನ್ನು ಹೊರಗೆ ಕಳುಹಿಸಿ ಕೇಳುವುದು ಆ ಹೊತ್ತಿನ ಕೆಲಸವಾಗಿತ್ತು, ಅದು ಆಗಲಿಲ್ಲ. ನಿಮ್ಮನ್ನೂ ಹೊರಗೆ ಕಳುಹಿಸಬೇಕಿತ್ತು ಎಂದರೆ ಬೇಸರ ಮಾಡಿಕೊಳ್ಳಬೇಡಿ. ಆಕೆ ನಿಮಗೆ ಎಲ್ಲವನ್ನೂ ಹೇಳಿರಲಾರಳು. ನೀವು ಅದೇ ವಾರ್ಡಿನವರು.

ಈಗ ‘ಒಗ್ಗಿಹೋಗಿದ್ದಾಳೆ’ ಎಂಬ ಮಾತು. ಇದನ್ನು ಕೇಳಿದರೆ ನನಗೆ ಸಿಟ್ಟು ಬರುತ್ತದೆ, ಏಕೆಂದರೆ ಲೆಕ್ಕ ಹಾಕಿದರೆ ಇದು ನಿಲ್ಲುವ ಮಾತೇ ಅಲ್ಲ. 2019ರಿಂದ 21ರವರೆಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ದೈಹಿಕ ಅಥವಾ ಲೈಂಗಿಕ ಹಿಂಸೆ ಅನುಭವಿಸಿದ ನೂರು ಹೆಂಗಸರಲ್ಲಿ 77 ಮಂದಿ ನೆರವು ಕೇಳಿರಲೂ ಇಲ್ಲ, ಯಾರಿಗೂ ಹೇಳಿರಲೂ ಇಲ್ಲ. ನೆರವು ಕೇಳಿದವರು 14 ಮಾತ್ರ. (ಅದೇ ಸಮೀಕ್ಷೆಯಲ್ಲಿ ಗಂಡನಿಂದ ಹಿಂಸೆಯಾಗಿದೆ ಎಂದು ಹೇಳಿದ ವಿವಾಹಿತೆಯರು ಕೇರಳದಲ್ಲಿ ನೂರಕ್ಕೆ ಸುಮಾರು 10, ಕರ್ನಾಟಕದಲ್ಲಿ ಸುಮಾರು 44. ತಲಪಾಡಿ ದಾಟಿದ ಕೂಡಲೇ ಗಂಡಸರ ಕೈ ಅಷ್ಟೊಂದು ಹಗುರವಾಗುತ್ತದೆ ಎಂದು ಎರಡೂ ಕಡೆ ಕೆಲಸ ಮಾಡಿದ ನನಗೆ ನಂಬಲಾಗುವುದಿಲ್ಲ. ಬಾಯಿಬಿಟ್ಟು ಹೇಳಿದ್ದನ್ನು ಮಾತ್ರ ಸಮೀಕ್ಷೆ ಎಣಿಸುತ್ತದೆ.) ನಿಮ್ಮ ವಾರ್ಡಿನ ಹೆಂಗಸು ಆ 77ರಲ್ಲಿ ಇಲ್ಲ. ಆಕೆ ಎಷ್ಟು ಜನರಿಗೆ ಹೇಳಿದ್ದಾಳೆ, ಎಣಿಸಿ. ಮೊದಲು ನಿಮಗೆ. ಆಮೇಲೆ ವಾರ್ಡ್ ಸದಸ್ಯರಿಗೆ, ಮತ್ತೆ ಸಮಿತಿಯಲ್ಲಿ ಕುಳಿತಿದ್ದ ಅಷ್ಟೂ ಮಂದಿಗೆ. ಠಾಣೆಯ ಬಾಗಿಲಲ್ಲಿ ಕುಳಿತವರಿಗೆ ಒಮ್ಮೆ, ಒಳಗಿನ ಅಧಿಕಾರಿಗೆ ಇನ್ನೊಮ್ಮೆ. ಕೌನ್ಸೆಲರ್ ಮುಂದೆ. ಆಸ್ಪತ್ರೆಯಲ್ಲಿ ನರ್ಸ್ ಕೇಳಿದಾಗ, ಡಾಕ್ಟರ್ ಕೇಳಿದಾಗ ನುಂಗಿಕೊಂಡಳು. ಆರು ಕಡೆ ಬಾಯಿ ತೆರೆದವಳನ್ನು ಒಗ್ಗಿಹೋದವಳು ಎನ್ನುತ್ತೀರಾ?

ಎರಡನೆಯ ಸಲವನ್ನೇ ತೆಗೆದುಕೊಳ್ಳಿ. ದೂರು ಕೊಟ್ಟ ರಾತ್ರಿ ಆಕೆ ಎಲ್ಲಿ ಮಲಗಿದಳು? ಅದೇ ಮನೆಯಲ್ಲಿ, ದೂರು ಕೊಟ್ಟದ್ದು ಗೊತ್ತಾಗಿರುವ ಗಂಡನ ಜೊತೆ. ಬೆಳಗ್ಗೆ ಎದ್ದು ದೂರು ಬೇಡ ಎಂದದ್ದು ಚಂಚಲ ಬುದ್ಧಿಯಲ್ಲ, ಆ ರಾತ್ರಿ ಬದುಕಿದ ಬಗೆ. ಬಿಟ್ಟು ಹೋಗುವ ಹೊತ್ತು, ಬಿಟ್ಟು ಹೋಗುತ್ತೇನೆ ಎಂದು ಹೇಳಿದ ಹೊತ್ತು, ಬಿಟ್ಟುಹೋದ ಮೊದಲ ಕೆಲವು ತಿಂಗಳು: ಅಪಾಯ ಹೆಚ್ಚುವುದು ಇಲ್ಲಿಯೇ, ಏಕೆಂದರೆ ಹಿಡಿತ ತಪ್ಪಿತು ಎಂದು ಅವನಿಗೆ ಅನ್ನಿಸುವುದು ಆಗಲೇ. ನಾವು ಪರಿಹಾರ ಎಂದುಕೊಂಡ ಬಾಗಿಲೇ ಆಕೆಯ ಲೆಕ್ಕದಲ್ಲಿ ಅತಿ ಅಪಾಯದ ಹೊಸ್ತಿಲು. ಜೊತೆಗೆ ಇನ್ನಷ್ಟು ಲೆಕ್ಕಗಳಿವೆ. ಬೀಡಿಯ ಪಾಸ್‌ಬುಕ್ ಯಾರ ಕೈಯಲ್ಲಿದೆ? ಮಕ್ಕಳು ಇಲ್ಲಿಯ ಕನ್ನಡ ಮಾಧ್ಯಮ ಶಾಲೆಯಲ್ಲಿದ್ದರೆ ವರ್ಷದ ನಡುವೆ ಗಡಿ ದಾಟಿಸುವುದು ಹೇಗೆ? ತವರಿನಲ್ಲಿ ಅಣ್ಣನ ಹೆಂಡತಿ ಎಷ್ಟು ದಿನ ಸಹಿಸುತ್ತಾಳೆ? ‘ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ’ ಎಂಬ ಗಾದೆ ಗಡಿಯ ಎರಡೂ ಕಡೆ ಇನ್ನೂ ಸತ್ತಿಲ್ಲ. ನಮ್ಮ ಜಿಲ್ಲೆಯಲ್ಲಿ ಎಂಡೋಸಲ್ಫಾನ್ ಕೀಟನಾಶಕದಿಂದ ಪೀಡಿತ ಮಗುವಿನ ತಾಯಂದಿರನ್ನೂ ನೋಡಿದ್ದೇನೆ. ಹಾಸಿಗೆ ಬಿಟ್ಟು ಏಳದ ಮಗುವನ್ನು ಎತ್ತಿಕೊಂಡು ಯಾವ ಆಶ್ರಯಧಾಮಕ್ಕೆ ಹೋಗುವುದು? ಇದನ್ನೆಲ್ಲ ಕೂಡಿಸಿ ಕಳೆದು ಮರಳಿದವಳನ್ನು ಬುದ್ಧಿಯಿಲ್ಲದವಳು ಎಂದರೆ, ಬುದ್ಧಿ ಯಾರಿಗಿಲ್ಲ ಎಂದು ಕೇಳಬೇಕಾಗುತ್ತದೆ.

ಕುಡಿತದ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಕುಡಿತ ಪೆಟ್ಟನ್ನು ಜೋರು ಮಾಡುತ್ತದೆ, ಸಂಖ್ಯೆಯನ್ನು ಹೆಚ್ಚಿಸುತ್ತದೆ. ಆದರೆ ಎಷ್ಟೇ ಕುಡಿದರೂ ಅವನು ದಾರಿಯಲ್ಲಿ ಸಿಕ್ಕಿದ ಪೋಲೀಸರಿಗೆ ಹೊಡೆಯುವುದಿಲ್ಲ, ಗೂಡಂಗಡಿಯವನಿಗೆ ಹೊಡೆಯುವುದಿಲ್ಲ; ಮನೆಯ ಬಾಗಿಲು ಹಾಕುವವರೆಗೆ ಕಾಯುತ್ತಾನೆ. ಮದ್ಯ ಬಿಡಿಸುವ ಚಿಕಿತ್ಸೆ ಕೊಡಿಸಿ, ಅದು ಅವನ ಯಕೃತ್ತಿಗೂ ಮನೆಯ ಖರ್ಚಿಗೂ ಒಳ್ಳೆಯದು. ಅದನ್ನು ಆಕೆಯ ಸುರಕ್ಷತೆಯ ಯೋಜನೆ ಎಂದು ಮಾತ್ರ ತಿಳಿಯಬೇಡಿ. ಕುಡಿತ ಬಿಟ್ಟು ಹೆಂಡತಿಯ ಮೊಬೈಲ್, ನೆಂಟರಿಷ್ಟರು, ದುಡ್ಡು ಎಲ್ಲದರ ಮೇಲೂ ಕಾವಲು ಕುಳಿತವರನ್ನು ಕಂಡಿದ್ದೇನೆ.

ಅವನೂ ಚಿಕ್ಕಂದಿನಲ್ಲಿ ಅಪ್ಪನ ಪೆಟ್ಟು ತಿಂದಿರಬಹುದು, ತಾಯಿಗೆ ಬೀಳುವುದನ್ನು ನೋಡಿ ಬೆಳೆದಿರಬಹುದು. 1998ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಬಾಲ್ಯದ ಕಹಿ ಅನುಭವಗಳ ದೊಡ್ಡ ಅಧ್ಯಯನದ ನಂತರ ಇಂಥ ಬಾಲ್ಯ ದೊಡ್ಡವರಾದ ಮೇಲೂ ಮೈಮನಸ್ಸುಗಳನ್ನು ಬಿಡುವುದಿಲ್ಲ ಎಂಬುದು ಗಟ್ಟಿಯಾಗಿದೆ. ಆದರೂ ಪೆಟ್ಟು ನೋಡಿ ಬೆಳೆದ ಬಹಳ ಮಂದಿ ಯಾರಿಗೂ ಹೊಡೆಯುವುದಿಲ್ಲ. ಅವನ ಬಾಲ್ಯ ವಿವರಣೆಯಾಗಬಹುದು, ಪರವಾನಗಿ ಆಗದು. ಆ ಮನೆಯ ಇಬ್ಬರು ಮಕ್ಕಳ ವಿಷಯದಲ್ಲಿ ಮಾತ್ರ ಇದು ಇವತ್ತಿನ ಕೆಲಸ. ಅಂಗನವಾಡಿ ಟೀಚರಿಗೂ ಶಾಲೆಯ ಟೀಚರಿಗೂ ಕಥೆ ಹೇಳಬೇಕಾಗಿಲ್ಲ. ‘ಈ ಮಗುವಿಗೆ ನಿದ್ದೆ ಸರಿಯಾಗುತ್ತಿಲ್ಲ, ಗದರಬೇಡಿ’ ಎಂದರೆ ಸಾಕು.

ನಿಮ್ಮ ತರಬೇತಿಯ ‘ಆಘಾತವನ್ನು ಅರಿತು ನಡೆಯುವ ವ್ಯವಸ್ಥೆ’ ಎಂಬ ಆ ದೊಡ್ಡ ಪದಕ್ಕೆ ಬರೋಣ. 2014ರಲ್ಲಿ ಅಮೆರಿಕದ ಒಂದು ಸರಕಾರಿ ಆರೋಗ್ಯ ಸಂಸ್ಥೆ ಇದನ್ನು ನಾಲ್ಕು ಕೆಲಸಗಳಾಗಿ ಹೇಳಿತು: ಆಘಾತ ಎಷ್ಟು ವ್ಯಾಪಕ ಎಂದು ಮನಗಾಣುವುದು, ಅದರ ಲಕ್ಷಣ ಗುರುತಿಸುವುದು, ಅದಕ್ಕೆ ತಕ್ಕಂತೆ ನಡೆದುಕೊಳ್ಳುವುದು, ನಾವೇ ಮತ್ತೆ ಆಘಾತ ಮಾಡದಿರುವುದು. ನಾಲ್ಕನೆಯದು ಎಲ್ಲಕ್ಕಿಂತ ಕಷ್ಟ. ನಮ್ಮ ದೇಶದಲ್ಲಿ ಇದರ ಗುಣವನ್ನು ಆ ಹೆಸರಿಡದೆಯೇ ಮಾಡಿ ತೋರಿಸಿದ್ದು ಮುಂಬಯಿಯ ಬಾಂದ್ರಾದ ನಗರಪಾಲಿಕೆ ಆಸ್ಪತ್ರೆಯಲ್ಲಿ 2000ದ ಹೊತ್ತಿಗೆ ಶುರುವಾದ, ಹಿಂಸೆಗೊಳಗಾದ ಹೆಂಗಸರ ನೆರವಿನ ಕೇಂದ್ರ ‘ದಿಲಾಸಾ’. ಹೆಂಗಸು ಮೊದಲು ಹೋಗುವುದು ಠಾಣೆಗಲ್ಲ, ಗಾಯಕ್ಕೆ ಮದ್ದು ಹಾಕಿಸಲು ಎಂಬ ಸರಳ ತಿಳಿವಳಿಕೆಯ ಮೇಲೆ ನಿಂತದ್ದು ಅದು. ಇಂಥ ಹೆಂಗಸರ ನೆರವಿಗೆ ಕೇರಳದ ಸರಕಾರಿ ಆಸ್ಪತ್ರೆಗಳಲ್ಲಿ ‘ಭೂಮಿಕಾ’ ಕೇಂದ್ರಗಳಿವೆ, ಮಹಿಳಾ ಸಂಘಗಳ ಜಾಲವಾದ ಕುಟುಂಬಶ್ರೀಯ ‘ಸ್ನೇಹಿತಾ’ ಇದೆ, ‘ಸಖಿ’ ಒನ್ ಸ್ಟಾಪ್ ಸೆಂಟರ್ ಇದೆ, ಸಂರಕ್ಷಣಾಧಿಕಾರಿ ಇದ್ದಾರೆ. ಬಾಗಿಲುಗಳಿಗೆ ಕೊರತೆಯಿಲ್ಲ. ಪ್ರತಿ ಬಾಗಿಲಲ್ಲೂ ಕಥೆಯನ್ನು ಮೊದಲಿನಿಂದ ಹೇಳಬೇಕು ಎಂಬುದೇ ತೊಂದರೆ.

ನನ್ನ ಮಟ್ಟಿಗೆ ವ್ಯವಸ್ಥೆ ಸುಧಾರಿಸಿದೆಯೇ ಎಂದು ಅಳೆಯುವ ಕೋಲು ಒಂದೇ: ಹೆಂಗಸು ತನ್ನ ಕಥೆಯನ್ನು ಎಷ್ಟು ಸಲ ಹೇಳಬೇಕಾಯಿತು? ಆರು ಇದ್ದದ್ದು ಎರಡಾದರೆ ಸುಧಾರಿಸಿದೆ. ಒಬ್ಬರು, ಆಕೆಯ ಮನೆಮಾತು ಬಲ್ಲವರು, ಒಂದು ಸಲ ನಿಧಾನವಾಗಿ ಕೇಳಿ ಬರೆಯಬೇಕು. ಆಮೇಲೆ ಆಕೆಯ ಒಪ್ಪಿಗೆಯಿಂದ ಕಾಗದ ನಡೆಯಬೇಕು, ಆಕೆ ನಡೆಯಬಾರದು. ಇದಕ್ಕೆ ಬೇಕಾದ ಕಾಗದ ಕಾನೂನಿನಲ್ಲೇ ಇದೆ. 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆಯಲ್ಲಿ ಸಂರಕ್ಷಣಾಧಿಕಾರಿ ತುಂಬಬೇಕಾದ ಘಟನಾ ವರದಿ, ಡಿಐಆರ್ ಎನ್ನುತ್ತಾರಲ್ಲ, ಅದು. ಹೊಡೆತ ಮಾತ್ರವಲ್ಲದೆ ಬೈಗುಳ, ಲೈಂಗಿಕ ಹಿಂಸೆ, ಬೀಡಿಯ ಸಂಬಳ ಕಿತ್ತುಕೊಳ್ಳುವಂಥ ಆರ್ಥಿಕ ಹಿಂಸೆ, ಎಲ್ಲಕ್ಕೂ ಅದರಲ್ಲಿ ಜಾಗವಿದೆ.

ಇಲ್ಲಿ ನಮ್ಮ ಜಿಲ್ಲೆಯ ಭಾಷೆಯ ಗಂಟು ಬರುತ್ತದೆ. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡದಿಂದ ಬೇರ್ಪಟ್ಟ ಮೇಲೆ ಇಲ್ಲಿ ಮನೆಯಲ್ಲಿ ತುಳುವೋ ಕೊಂಕಣಿಯೋ ಬ್ಯಾರಿಯೋ ಮರಾಠಿಯೋ, ಶಾಲೆಯಲ್ಲಿ ಕನ್ನಡ, ಕಚೇರಿಯಲ್ಲಿ ಮಲಯಾಳ. ಆಕೆಗೆ ಬರುವ ಮಲಯಾಳ ಮೀನು ಕೊಳ್ಳಲು ಸಾಕು, ಗಂಡ ರಾತ್ರಿ ಏನು ಮಾಡಿದ ಎಂದು ಹೇಳಲು ಸಾಲದು. ಬಾಯಿಮಾತಿನ ದೂರನ್ನು ಬರೆದುಕೊಂಡು ದೂರುದಾರರಿಗೆ ಓದಿ ಹೇಳಬೇಕು, ಪ್ರತಿಯನ್ನು ಉಚಿತವಾಗಿ ಕೊಡಬೇಕು ಎಂದು ಕಾನೂನು ಹೇಳುತ್ತದೆ. ಅರ್ಥವಾಗದ ಭಾಷೆಯಲ್ಲಿ ಓದಿ ಹೇಳಿದರೆ ಅದು ಮಂತ್ರ ಹೇಳಿದಂತೆ. ಆಕೆ ಕೆಳಗೆ ಕನ್ನಡದಲ್ಲಿ ಸಹಿ ಹಾಕಿ ಬರುತ್ತಾಳೆ. ಮುಂದಿನ ಸಲ ಹೋಗುವಾಗ ಅರ್ಜಿಯನ್ನು ಕನ್ನಡದಲ್ಲೇ ಬರೆದುಕೊಂಡು ಹೋಗಿ. ಸಂವಿಧಾನದ 350ನೆಯ ವಿಧಿಯ ಪ್ರಕಾರ ಕುಂದುಕೊರತೆಯ ಮನವಿಯನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲೂ ಕೊಡಬಹುದು. ಜಗಳಕ್ಕೆ ಹೋಗಬೇಡಿ, ಕನ್ನಡದ ಪ್ರತಿ ಕಡತದೊಳಗೆ ಸೇರಿದರೆ ಸಾಕು. ನಾಳೆ ‘ತಳ್ಳಿದ’ ಮತ್ತು ‘ಹಿಸುಕಿದ’ ನಡುವೆ ಪ್ರಶ್ನೆ ಬಂದಾಗ ಅದು ಮಾತನಾಡುತ್ತದೆ. ಭಾಷಾಂತರಕ್ಕೆ ಗಂಡನ ಕಡೆಯವರನ್ನು, ಮಕ್ಕಳನ್ನು, ಪಕ್ಕದ ಮನೆಯವರನ್ನು ಕೂರಿಸಲೇಬೇಡಿ.

ಜಾಗ್ರತಾ ಸಮಿತಿಯ ಪಂಚಾತಿಕೆಯ ಬಗ್ಗೆ ನನಗೆ ಖಚಿತ ಅಭಿಪ್ರಾಯವಿದೆ. ಅಡಿಕೆ ತೋಟದ ಬೇಲಿಯ ತಕರಾರಿಗೆ ಪಂಚಾತಿಕೆ ಸರಿ, ಅಲ್ಲಿ ಎರಡೂ ಕಡೆ ಸಮಬಲವಿರುತ್ತದೆ. ಹೊಡೆದವನನ್ನೂ ಹೊಡೆಸಿಕೊಂಡವಳನ್ನೂ ಅಕ್ಕಪಕ್ಕದ ಕುರ್ಚಿಯಲ್ಲಿ ಕೂರಿಸಿ ‘ಇಬ್ಬರೂ ಹೊಂದಿಕೊಂಡು ಹೋಗಿ’ ಎಂದರೆ ಪೆಟ್ಟಿನಲ್ಲಿ ಅವಳಿಗೂ ಒಂದು ಪಾಲು ಕೊಟ್ಟಂತೆ. ಆಕೆ ಅಲ್ಲಿ ನಿಜ ಹೇಳಿದರೆ ಅದರ ಬೆಲೆ ಮನೆಗೆ ಹೋದ ಮೇಲೆ ತೆರಬೇಕು. ಕಾಯ್ದೆಯ ಅಡಿಯಲ್ಲಿ ನ್ಯಾಯಾಲಯ ಕೌನ್ಸೆಲಿಂಗಿಗೆ ಕಳುಹಿಸಿದರೂ, ಹಿಂಸೆ ಮಾಡುವುದಿಲ್ಲ ಎಂದು ಅವನು ಮುಚ್ಚಳಿಕೆ ಕೊಡಬೇಕು, ಹೊಡೆದದ್ದಕ್ಕೆ ಸಮರ್ಥನೆ ಕೊಡಲು ಅವನಿಗೆ ಅವಕಾಶವಿಲ್ಲ ಎಂದು 2006ರ ನಿಯಮಗಳಲ್ಲೇ ಇದೆ. ಈ ನಿಯಮವನ್ನು ನಿಮ್ಮ ಸಮಿತಿಯ ಮುಂದಿನ ಸಭೆಯಲ್ಲಿ ಓದಿ ಹೇಳಿ. ಸಮಿತಿಯ ಕೆಲಸ ಕಣ್ಣಿಡುವುದು, ದಾರಿ ತೋರಿಸುವುದು, ಬಸ್ಸಿನ ಚಾರ್ಜು ಹೊಂದಿಸುವುದು. ಸಭೆಯ ನಡಾವಳಿಯಲ್ಲಿ ಆಕೆಯ ಹೆಸರು ಬರೆದು ಮೇಜಿನ ಮೇಲೆ ಬಿಟ್ಟು ಚಹಾ ಕುಡಿಯಲು ಹೋಗುವುದನ್ನೂ ನಾನು ಕಂಡಿದ್ದೇನೆ.

ಇನ್ನೊಂದು ಕೆಲಸವಿದೆ. ಬ್ರಿಟನ್ನಿನ ಕಾರ್ಡಿಫ್‌ನಲ್ಲಿ 2003ರಿಂದ ಪೋಲೀಸರು, ಆಸ್ಪತ್ರೆ, ಸಮಾಜ ಕಲ್ಯಾಣದವರು ಒಟ್ಟಿಗೆ ಕುಳಿತು ಅತಿ ಅಪಾಯದಲ್ಲಿರುವ ಹೆಂಗಸರ ಪಟ್ಟಿಯನ್ನಷ್ಟೇ ನೋಡುವ ಪದ್ಧತಿ ಶುರುವಾಯಿತು. ಒಬ್ಬರ ಹತ್ತಿರ ಗಾಯದ ಚೀಟಿ, ಇನ್ನೊಬ್ಬರ ಹತ್ತಿರ ಹಳೆಯ ದೂರು, ಮತ್ತೊಬ್ಬರ ಹತ್ತಿರ ಮಗು ಶಾಲೆಗೆ ಬಾರದ ವಿಷಯ. ಒಟ್ಟಿಗೆ ಇಟ್ಟರೆ ಚಿತ್ರ ಕಾಣುತ್ತದೆ. ನಮ್ಮಲ್ಲಿ ಇದು ಇನ್ನೂ ಹೆಚ್ಚು ಬೇಕು, ಏಕೆಂದರೆ ನಮ್ಮವರು ಪೆಟ್ಟಾದರೆ ಮಂಗಳೂರಿಗೆ ಹೋಗುತ್ತಾರೆ. ಗಾಯದ ಕಾಗದ ಒಂದು ರಾಜ್ಯದಲ್ಲಿ, ದೂರು ಇನ್ನೊಂದರಲ್ಲಿ ಉಳಿದುಬಿಡುತ್ತದೆ. ಬ್ಲಾಕ್ ಮಟ್ಟದಲ್ಲಿ ತಿಂಗಳಿಗೊಂದು ಗಂಟೆ ಸಾಕು, ಹೊಸ ಕಟ್ಟಡ ಬೇಕಾಗಿಲ್ಲ. ಈ ಬೇಡಿಕೆಯನ್ನು ಆಶಾ ಕಾರ್ಯಕರ್ತೆಯರು ಸೇರಿ ಇಟ್ಟರೆ ಕೇಳುವವರಿದ್ದಾರೆ ಎಂದು ನನ್ನ ಅನುಭವ.

ಈಗ ಆಕೆಯ ಮುಂದಿರುವ ದಾರಿಗಳು. ಆಯ್ಕೆ ಆಕೆಯದು, ನಾಲ್ಕನೆಯ ಸಲವೂ ನೀವು ನಿರ್ಧರಿಸಿ ಎಳೆದುಕೊಂಡು ಹೋದರೆ, ಗಂಡನ ಬದಲು ನೀವು ಯಜಮಾನಿಕೆ ಮಾಡಿದಂತಾಗುತ್ತದೆ.

ಸದ್ಯಕ್ಕೆ ಮನೆಯಲ್ಲೇ ಇರುತ್ತೇನೆ ಎಂದರೆ ಅದೂ ಒಂದು ದಾರಿ, ಆದರೆ ಬರಿಗೈಯಲ್ಲಿ ಬೇಡ. ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್, ಮಕ್ಕಳ ಜನನ ಪತ್ರದ ನಕಲುಗಳು ನಂಬಿಕೆಯ ಒಂದು ಮನೆಯಲ್ಲಿರಲಿ. ಜಗಳ ಏರುವಾಗ ಅಡಿಗೆಮನೆಯಲ್ಲಿ ಇರಬಾರದು, ಅಲ್ಲಿ ಕತ್ತಿ, ಬೆಂಕಿ ಎರಡೂ ಇವೆ. ಹೊರಗಿನ ಬಾಗಿಲಿರುವ ಕೋಣೆ ಸೇರಬೇಕು. ಪಕ್ಕದ ಮನೆಯವರ ಜೊತೆ ಒಂದು ಗುರುತಿನ ಮಾತು ಮಾಡಿಕೊಳ್ಳಲಿ; ನನ್ನ ಹತ್ತಿರ ಬರುತ್ತಿದ್ದ ಒಬ್ಬಾಕೆ ಮಗಳನ್ನು ‘ಸೂಜಿ ಕೇಳಿ ಬಾ’ ಎಂದು ಕಳುಹಿಸುತ್ತಿದ್ದಳು, ಆ ಮನೆಯವರು ಕೂಡಲೇ ಪೋಲೀಸರಿಗೆ ಫೋನ್ ಮಾಡುತ್ತಿದ್ದರು. ಅಪಾಯ ಸ್ಪಷ್ಟ: ಕುತ್ತಿಗೆ ಹಿಸುಕಿದ್ದು ನಿಜವಾದರೆ, ಅದು ಮತ್ತೆ ಮತ್ತೆ ಆಗುತ್ತಿದ್ದರೆ, ಈ ದಾರಿಯನ್ನು ನಾನು ಸಲಹೆ ಮಾಡಲಾರೆ. ಅದನ್ನು ಆಕೆಗೆ ಮುಚ್ಚುಮರೆಯಿಲ್ಲದೆ ಹೇಳಿ.

ಅದೇ 2005ರ ಕಾಯ್ದೆಯಡಿ ಮ್ಯಾಜಿಸ್ಟ್ರೇಟರ ಮುಂದೆ ಅರ್ಜಿ ಹಾಕುವುದು ಎರಡನೆಯದು. ಇದರಿಂದ ಗಂಡ ಜೈಲಿಗೆ ಹೋಗುತ್ತಾನೆ ಎಂಬ ಹೆದರಿಕೆ ಬಹಳ ಮಂದಿಗೆ ಇದೆ, ಅದು ತಪ್ಪು ತಿಳಿವಳಿಕೆ. ಇಲ್ಲಿ ಸಿಗುವುದು ಹೊಡೆಯಬಾರದೆಂಬ ಆದೇಶ, ಮನೆಯಿಂದ ಹೊರಹಾಕಬಾರದೆಂಬ ಆದೇಶ, ಖರ್ಚಿಗೆ ಹಣ, ಮಕ್ಕಳ ತಾತ್ಕಾಲಿಕ ಸುಪರ್ದಿ. ಮನೆ ಮಾವನ ಹೆಸರಿನಲ್ಲಿದ್ದರೂ ಅಲ್ಲಿ ಸಂಸಾರ ಮಾಡಿದ್ದರೆ ವಾಸದ ಹಕ್ಕು ಕೇಳಬಹುದು ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಆದೇಶ ಮುರಿದರೆ ಮಾತ್ರ ಅಪರಾಧ: ಒಂದು ವರ್ಷದವರೆಗೆ ಸೆರೆ, 20,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಮೊದಲ ವಿಚಾರಣೆ ಸಾಮಾನ್ಯವಾಗಿ ಮೂರು ದಿನದೊಳಗೆ, ತೀರ್ಮಾನ 60 ದಿನದೊಳಗೆ ಎಂದು ಕಾಯ್ದೆ ಹೇಳುತ್ತದೆ. ಎಳೆಯುತ್ತದೆ ಎಂಬುದು ನಿಮಗೂ ಗೊತ್ತು. ಆದ್ದರಿಂದ ತುರ್ತು ಮಧ್ಯಂತರ ಆದೇಶವನ್ನು ಮೊದಲ ದಿನವೇ ಕೇಳಬೇಕು. ವಕೀಲರ ಖರ್ಚಿಗೆ ಹೆದರಬೇಕಾಗಿಲ್ಲ; ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ. ಅಪಾಯ ಎಂದರೆ, ನೋಟಿಸು ಅವನ ಕೈಗೆ ಸೇರುವ ದಿನ. ಆ ದಿನ ಯಾವುದು ಎಂದು ತಿಳಿದುಕೊಂಡು, ಆ ರಾತ್ರಿ ಆಕೆ ಮತ್ತು ಮಕ್ಕಳು ಎಲ್ಲಿರಬೇಕು ಎಂದು ಮೊದಲೇ ಗೊತ್ತುಮಾಡಿ.

ತವರಿಗೆ ಹೋದರೆ ಇಲ್ಲಿಯ ಕೇಸು ಬಿದ್ದುಹೋಗುತ್ತದೆ ಎಂದು ಗಡಿಯಲ್ಲಿ ಎಲ್ಲರೂ ನಂಬಿದ್ದಾರೆ. ಹಾಗಿಲ್ಲ. ಆಕೆ ತಾತ್ಕಾಲಿಕವಾಗಿ ಇರುವ ಊರಿನ ಮ್ಯಾಜಿಸ್ಟ್ರೇಟರ ಮುಂದೆಯೂ ಅರ್ಜಿ ಹಾಕಬಹುದು, ಅಂದರೆ ಪುತ್ತೂರಿನಲ್ಲೂ ಆಗುತ್ತದೆ, ಅಲ್ಲಿಯ ಆದೇಶ ಇಡೀ ದೇಶದಲ್ಲಿ ನಡೆಯುತ್ತದೆ. ಗಂಡನ ಕ್ರೌರ್ಯದ ಪೋಲೀಸ್ ದೂರನ್ನೂ ಆಶ್ರಯ ಪಡೆದ ಊರಿನಲ್ಲಿ ಕೊಡಬಹುದು ಎಂದು 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಭಾಷೆಯ ತೊಡಕೂ ಅಲ್ಲಿ ಕಡಿಮೆ. ತವರಿನ ಬಾಗಿಲು ಗಟ್ಟಿಯಾಗಿದೆಯೇ ಎಂಬುದೇ ಪ್ರಶ್ನೆ. ಇಲ್ಲದಿದ್ದರೆ ಸಖಿ ಕೇಂದ್ರದಲ್ಲಿ ಐದು ದಿನದವರೆಗೆ ಇರಬಹುದು, ಆಮೇಲೆ ಮಹಿಳಾ ಮಂದಿರದಂಥ ಕಡೆ. ಬೆಳೆದ ಗಂಡುಮಕ್ಕಳಿಗೆ ವಯಸ್ಸಿನ ಮಿತಿ ಇರುತ್ತದೆ, ಮೊದಲೇ ಕೇಳಿಕೊಳ್ಳಿ.

ಪೋಲೀಸ್ ಕೇಸು, ಅಂದರೆ ಗಂಡನ ಕ್ರೌರ್ಯಕ್ಕೆ ಹಿಂದಿನ ಭಾರತೀಯ ದಂಡ ಸಂಹಿತೆಯಲ್ಲಿದ್ದ 498ಎ, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85ನೆಯ ಸೆಕ್ಷನ್. ಹಿಸುಕಿದ ವಿಷಯ ಖಚಿತವಾದರೆ ಕೊಲೆಯತ್ನದ ದೃಷ್ಟಿಯಿಂದಲೂ ನೋಡಿ ಎಂದು ಲಿಖಿತವಾಗಿ ಕೇಳಬೇಕು. ಇದು ಬಲವಾದ ದಾರಿ, ಮರಳುವುದು ಕಷ್ಟದ ದಾರಿ ಕೂಡ. ಮೊದಲ ರಾತ್ರಿಗೆ ಬೇರೆ ಸೂರು ಇಲ್ಲದೆ ಈ ದಾರಿಗೆ ಇಳಿಸಬೇಡಿ. ಎರಡನೆಯ ಸಲ ಆದದ್ದೇ ಆಗುತ್ತದೆ.

ತುರ್ತಿಗೆ 112, ಮಹಿಳಾ ಸಹಾಯವಾಣಿ 181, ಮಕ್ಕಳಿಗೆ 1098, ಉಚಿತ ಕಾನೂನು ನೆರವಿಗೆ 15100. ಗಡಿಯಲ್ಲಿರುವುದರಿಂದ ಫೋನ್ ಎತ್ತಿದ ಕೂಡಲೇ ಊರು, ತಾಲೂಕು, ರಾಜ್ಯ ಹೇಳಿ, ಕನ್ನಡ ಬಲ್ಲವರು ಬೇಕು ಎಂದು ಕೇಳಿ. ಆಕೆಯ ಮೊಬೈಲಿಗೆ ಯಾರೂ ಮರಳಿ ಕರೆ ಮಾಡಬಾರದು ಎಂದೂ ಹೇಳಿ.

ಕೈಬಿಡಲೇ ಎಂದು ಕೇಳಿದ್ದೀರಿ. ಓಡಾಟವನ್ನು ಬಿಡಿ, ಬಾಗಿಲನ್ನು ಬಿಡಬೇಡಿ. ವಾರಕ್ಕೊಮ್ಮೆ ಹೇಗೂ ಆ ದಾರಿಯಲ್ಲಿ ಹೋಗುತ್ತೀರಿ, ಮಗುವಿನ ತೂಕವೋ ಚುಚ್ಚುಮದ್ದೋ ಏನಾದರೂ ನೆಪ ಇದ್ದೇ ಇರುತ್ತದೆ. ಬೀಡಿಯ ತಡಪೆ ತೊಡೆಯ ಮೇಲಿಟ್ಟುಕೊಂಡು ಕುಳಿತಿರುವಾಗ ಮಾತನಾಡುವುದು ಸುಲಭ. ಕೈಗೆ ಕೆಲಸವಿದ್ದರೆ, ಮುಖ ನೋಡಬೇಕಾಗಿಲ್ಲದಿದ್ದರೆ, ಬಾಯಿ ಬಿಚ್ಚುತ್ತದೆ. ‘ಯಾಕೆ ವಾಪಸು ಹೋದೆ’ ಎಂದು ಕೇಳಬೇಡಿ. ‘ಆವತ್ತು ಮನೆಗೆ ಹೋದ ಮೇಲೆ ಏನಾಯಿತು’ ಎಂದು ಕೇಳಿ. ನಿಮಗೂ ನಿದ್ದೆ ಕೆಟ್ಟಿದ್ದರೆ, ಆ ಮನೆಯ ಹತ್ತಿರ ಹೋಗುವಾಗ ಎದೆ ಡವಗುಟ್ಟಿದರೆ, ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೂ ಮಾತನಾಡುತ್ತಾರೆ. ಇನ್ನೊಬ್ಬರ ಪೆಟ್ಟನ್ನು ಎರಡು ವರ್ಷ ಕೇಳಿಸಿಕೊಂಡವರಿಗೂ ಅದು ತಾಗುತ್ತದೆ.

ಒಂದು ಕೊನೆಯ ವಿಷಯ. ನಿಮ್ಮ ಪತ್ರದಲ್ಲಿ ಆಕೆಯ ಹೆಸರು, ವಾರ್ಡಿನ ಸಂಖ್ಯೆ, ಮಕ್ಕಳ ಶಾಲೆ ಎಲ್ಲವೂ ಇತ್ತು. ಇಲ್ಲಿ ಎಲ್ಲವನ್ನೂ ತೆಗೆದುಹಾಕಿದ್ದೇನೆ, ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಮುಂದೆ ನನಗೆ ಬರೆಯುವಾಗಲೂ, ಬೇರೆ ಯಾರಿಗೆ ಬರೆಯುವಾಗಲೂ, ಆಕೆಯನ್ನು ಕೇಳಿದ ಮೇಲೆಯೇ ಬರೆಯಿರಿ.